ಓದುಗರ ಪ್ರಶ್ನೆ, ನಮ್ಮ ಉತ್ತರ: ಒಕ್ಕಲಿಗನ ಮಗ ಕಟ್ಟಿಸಿದ ಮಿಯುರಾ

ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ ಇಟಲಿಯ ಲ್ಯಾಂಬೊರ್ಗಿನಿ ಕಂಪನಿಯ ‘ಮಿಯುರಾ’ ಕಾರಿನ ಚಿತ್ರವನ್ನು ನಾಲ್ಕು ಸಾಲಿನ ವಿವರಣೆಯೊಡನೆ ಅಚ್ಚು ಹಾಕಿದ್ದೆವು. ಆ ನಾಲ್ಕು ಸಾಲು ಏತಕ್ಕೂ ಸಾಲವು ಎಂದು ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಓದುಗರು ಬರೆದಿದ್ದಾರೆ. ಅವರ ದೂರು ನ್ಯಾಯವಾದದ್ದು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಒಂದೇ ಕಾರಿಗೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ತೊಗರಿ ಬೆಳೆಯುವ ಒಕ್ಕಲಿಗ. ಮೊಬೈಲಿನಲ್ಲಿ ಲ್ಯಾಂಬೊರ್ಗಿನಿ ಹೆಸರಿನ ಟ್ರ್ಯಾಕ್ಟರಿನ ಚಿತ್ರ ನೋಡಿದೆ. ಕೋಟಿಗಟ್ಟಲೆ ಬೆಲೆಯ ಕಾರು ಮಾಡುವವರೂ ಇವರೂ ಒಬ್ಬರೇ ಏನು, ಇಲ್ಲವೇ ಯಾರೋ ಹೆಸರು ಕದ್ದಿದ್ದಾರೋ?
— ಆಳಂದ ತಾಲ್ಲೂಕಿನ ಓದುಗರು

ಉತ್ತರ: ಕದ್ದದ್ದಲ್ಲ. ಆ ಮನೆಯಲ್ಲಿ ಟ್ರ್ಯಾಕ್ಟರೇ ಹಿರಿಯಣ್ಣ, ಕಾರು ಹದಿನೈದು ವರ್ಷ ತಡವಾಗಿ ಹುಟ್ಟಿದ ತಮ್ಮ. ಫೆರುಚ್ಚೊ ಲ್ಯಾಂಬೊರ್ಗಿನಿ 1916ರ ಏಪ್ರಿಲ್ 28ರಂದು ಉತ್ತರ ಇಟಲಿಯ ಚೆಂತೊ ಪಟ್ಟಣದ ಹತ್ತಿರದ ರೆನಾಜ್ಜೊ ಎಂಬ ಹಳ್ಳಿಯಲ್ಲಿ, ದ್ರಾಕ್ಷಿ ಬೆಳೆಯುವ ಒಕ್ಕಲು ಮನೆತನದಲ್ಲಿ ಹುಟ್ಟಿದವರು. ಹುಡುಗನಿಗೆ ಹೊಲಕ್ಕಿಂತ ಹೊಲದ ಯಂತ್ರಗಳ ಮೇಲೆ ಕಣ್ಣು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಇಟಲಿಯ ವಾಯುಪಡೆಯ ಪರವಾಗಿ ರೋಡ್ಸ್ ದ್ವೀಪದಲ್ಲಿ ವಾಹನ ದುರಸ್ತಿಯ ಕೆಲಸ ಮಾಡಿದರು. ಬಿಡಿಭಾಗ ಸಿಗದ ಜಾಗದಲ್ಲಿ ಮುರಿದದ್ದನ್ನು ಮುರಿದದ್ದರಿಂದಲೇ ಜೋಡಿಸುವ ವಿದ್ಯೆ ಅವರಿಗೆ ಅಲ್ಲಿ ಕೈಗೂಡಿತು. ದ್ವೀಪ ಬ್ರಿಟಿಷರ ಕೈಸೇರಿದಾಗ ಯುದ್ಧಕೈದಿಯಾದರು, ಬಿಡುಗಡೆಯಾದ ಮೇಲೆ ಊರಿಗೆ ಮರಳಿದರು.

ಊರಿಗೆ ಬಂದು ನೋಡಿದರೆ ಹೊಲಗಳು ಬೀಳುಬಿದ್ದಿದ್ದವು, ಟ್ರ್ಯಾಕ್ಟರುಗಳಿರಲಿಲ್ಲ, ಆದರೆ ಸೈನ್ಯ ಬಿಟ್ಟುಹೋದ ಲಾರಿಗಳೂ ಎಂಜಿನ್ನುಗಳೂ ಗುಜರಿ ಬೆಲೆಗೆ ರಾಶಿ ಬಿದ್ದಿದ್ದವು. ಫೆರುಚ್ಚೊ ಅವನ್ನೇ ಕೊಂಡು ಟ್ರ್ಯಾಕ್ಟರುಗಳನ್ನಾಗಿ ಮಾಡಿ ಮಾರತೊಡಗಿದರು. ಪೆಟ್ರೋಲು ತುಟ್ಟಿಯಾಗಿದ್ದ ಆ ಕಾಲದಲ್ಲಿ, ಪೆಟ್ರೋಲಿನಿಂದ ಚಾಲೂ ಮಾಡಿ ಆಮೇಲೆ ಅಗ್ಗದ ಡೀಸೆಲ್ಲಿಗೆ ಬದಲಾಯಿಸಿಕೊಳ್ಳುವ ಏರ್ಪಾಡನ್ನು ಅವರು ಎಂಜಿನ್ನಿಗೆ ಅಳವಡಿಸಿದ್ದೇ ಗಿರಾಕಿಗಳನ್ನು ಸೆಳೆಯಿತು. 1948ರಲ್ಲಿ ಟ್ರ್ಯಾಕ್ಟರ್ ಕಂಪನಿಯೇ ಹುಟ್ಟಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಅವರು ಇಟಲಿಯ ದೊಡ್ಡ ಟ್ರ್ಯಾಕ್ಟರ್ ತಯಾರಕರ ಸಾಲಿಗೆ ಸೇರಿದ್ದಲ್ಲದೆ, ಮನೆ ಬೆಚ್ಚಗಿಡುವ ಬರ್ನರುಗಳ ಕಾರ್ಖಾನೆಯನ್ನೂ ತೆರೆದಿದ್ದರು.

ಇನ್ನು ಕಾರಿನ ಮಾತು. ಕೈಯಲ್ಲಿ ಹಣ ಓಡಾಡತೊಡಗಿದ ಮೇಲೆ ಫೆರುಚ್ಚೊ ಫೆರಾರಿ ಕಾರುಗಳನ್ನು ಕೊಂಡರು. ಅವುಗಳ ಕ್ಲಚ್ಚು ಪದೇ ಪದೇ ಸವೆಯುವುದನ್ನು ಕಂಡು ಯಜಮಾನರಾದ ಎಂಜೊ ಫೆರಾರಿಯವರ ಬಳಿಗೇ ದೂರು ಒಯ್ದರು. ಟ್ರ್ಯಾಕ್ಟರ್ ಓಡಿಸುವವನಿಗೆ ಫೆರಾರಿ ಏನು ತಿಳಿದೀತು ಎಂಬರ್ಥದ ಮಾತು ಕೇಳಿ ಸಿಟ್ಟಿನಿಂದ ಹೊರಬಂದರು. ಈ ಕಥೆಯನ್ನು ಫೆರುಚ್ಚೊ ಮುಂದೆ ತಾವೇ ಹೇಳುತ್ತಿದ್ದರು. ಕಥೆ ತುಸು ಹೆಚ್ಚೇ ನುಣುಪಾಗಿದೆ ಎಂಬುದು ನನ್ನ ಗುಮಾನಿ. ಸಿಟ್ಟಿನ ಜೊತೆಗೆ ಲೆಕ್ಕಾಚಾರವೂ ಇದ್ದೀತು: ದುಬಾರಿ ಕಾರುಗಳಲ್ಲಿ ಎಷ್ಟು ಲಾಭವಿದೆ ಎಂಬುದು ಅವುಗಳನ್ನು ಬಿಚ್ಚಿ ನೋಡಿದ ಟ್ರ್ಯಾಕ್ಟರ್ ವ್ಯಾಪಾರಿಗೆ ಕಾಣದೆ ಇರಲಾರದು. ಕಾರಣ ಯಾವುದೇ ಇರಲಿ, 1963ರಲ್ಲಿ ಬೊಲೊನ್ಯಾ ನಗರದ ಸಮೀಪದ ಸಾಂತ್ ಆಗಾತಾ ಎಂಬ ಊರಿನಲ್ಲಿ ಕಾರಿನ ಕಾರ್ಖಾನೆ ಎದ್ದಿತು, 1964ರಲ್ಲಿ 350 ಜಿಟಿ ಎಂಬ ಮೊದಲ ಕಾರು ಮಾರಾಟಕ್ಕೆ ಬಂತು, 1966ರಲ್ಲಿ ಮಿಯುರಾ.

ನೀವು ನೋಡಿದ ಟ್ರ್ಯಾಕ್ಟರಿನ ಕಂಪನಿ 1970ರ ದಶಕದ ಆರಂಭದಲ್ಲಿ, ದೊಡ್ಡದೊಂದು ವಿದೇಶಿ ಬೇಡಿಕೆ ರದ್ದಾಗಿ ಕಷ್ಟಕ್ಕೆ ಸಿಕ್ಕಿದಾಗ, ‘ಸಾಮೆ’ ಎಂಬ ಇಟಲಿಯದೇ ಮತ್ತೊಂದು ಟ್ರ್ಯಾಕ್ಟರ್ ಕಂಪನಿಯ ಪಾಲಾಯಿತು. ಕಾರಿನ ಕಂಪನಿ ಕೈಯಿಂದ ಕೈಗೆ ದಾಟುತ್ತ 1998ರಲ್ಲಿ ಜರ್ಮನಿಯ ‘ಆಡಿ’ ಕಾರು ಕಂಪನಿಗೆ ಸೇರಿತು. ಹೆಸರು ಒಂದೇ, ಈಗ ಮನೆ ಎರಡು.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಮಿಯುರಾದ ಎಂಜಿನ್ನು ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕೂತಿದೆ ಎಂದು ಬರೆದಿದ್ದಿರಿ. ಹಾಗೇಕೆ ಕೂಡಿಸಿದರು? ಅದರಲ್ಲಿ ಅಂಥ ವಿಶೇಷವೇನು?
— ಕಲಬುರಗಿಯ ಓದುಗರು

ಉತ್ತರ: ಈ ಕಾರಿನ ಗುಟ್ಟೆಲ್ಲ ಇರುವುದು ನೀವು ಕೇಳಿದ ಕಡೆಗೇ.

ಎಂಜಿನ್ನು ಕಾರಿನಲ್ಲಿ ಎಲ್ಲಕ್ಕಿಂತ ಭಾರವಾದ ವಸ್ತು. ಅದು ಮೂಗಿನಲ್ಲಿದ್ದರೆ ತಿರುವಿನಲ್ಲಿ ಮುಂಭಾಗ ತಿರುಗಲು ಒಲ್ಲೆನೆನ್ನುತ್ತದೆ. ಒಂದು ಕೋಲಿನ ಎರಡು ತುದಿಗೆ ಎರಡು ಕಲ್ಲು ಕಟ್ಟಿ ತಿರುಗಿಸಿ ನೋಡಿ, ಆಮೇಲೆ ಅದೇ ಕಲ್ಲುಗಳನ್ನು ನಡುವಿಗೆ ತಂದು ಕಟ್ಟಿ ತಿರುಗಿಸಿ ನೋಡಿ. ವ್ಯತ್ಯಾಸ ಕೈಗೇ ತಿಳಿಯುತ್ತದೆ. ಭಾರವನ್ನು ಎರಡೂ ಅಚ್ಚುಗಳ ನಡುವೆ, ಕಾರಿನ ಹೊಟ್ಟೆಯೊಳಗೆ ಇಟ್ಟರೆ ಕಾರು ಚುರುಕಾಗಿ ತಿರುಗುತ್ತದೆ ಎಂಬುದು ರೇಸಿನವರಿಗೆ ಆಗಲೇ ಗೊತ್ತಿತ್ತು. 1960ರ ದಶಕದ ಆರಂಭಕ್ಕೆ ಗ್ರಾಂಪ್ರಿ ರೇಸುಗಳಲ್ಲಿ ಎಂಜಿನ್ನು ಚಾಲಕನ ಹಿಂದೆ ಸರಿದಾಗಿತ್ತು. ಆದರೆ ಸಾಮಾನ್ಯ ರಸ್ತೆಯ ಮೇಲೆ ಓಡುವ, ಗಿರಾಕಿಗೆ ಮಾರುವ ದೊಡ್ಡ ಕಾರಿನಲ್ಲಿ ಹಾಗೆ ಮಾಡುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ.

ಲ್ಯಾಂಬೊರ್ಗಿನಿಯ ಎಂಜಿನ್ನು ಹನ್ನೆರಡು ಸಿಲಿಂಡರಿನದು, ಆರಾರು ಸಿಲಿಂಡರುಗಳ ಎರಡು ಸಾಲು ‘ವಿ’ ಆಕಾರದಲ್ಲಿ ಕೂಡಿದ್ದು. ಇದನ್ನು ರೂಪಿಸಿದವರು ಮೊದಲು ಫೆರಾರಿಯಲ್ಲಿ ದುಡಿದು ಹೊರಬಂದಿದ್ದ ಜೊತ್ತೊ ಬಿಜ್ಜಾರಿನಿ. ಮೂರೂವರೆ ಲೀಟರಿನ ಆ ಎಂಜಿನ್ನು ಮಿಯುರಾದ ಹೊತ್ತಿಗೆ 3,929 ಸಿಸಿಗೆ ಬೆಳೆದು 350 ಅಶ್ವಶಕ್ತಿ ಕೊಡುತ್ತಿತ್ತು. ಇಷ್ಟು ಉದ್ದದ ಎಂಜಿನ್ನನ್ನೂ ಅದರ ಹಿಂದೆ ಗೇರ್‌ಬಾಕ್ಸನ್ನೂ ಉದ್ದುದ್ದ ಇಟ್ಟರೆ ಇಬ್ಬರು ಕೂರುವ ಜಾಗವೂ ಸೇರಿ ಕಾರು ಮಿತಿಮೀರಿ ಉದ್ದವಾಗುತ್ತಿತ್ತು. ಪರಿಹಾರ ಸಿಕ್ಕಿದ್ದು ಯಾರೂ ಊಹಿಸದ ಕಡೆಯಿಂದ. 1959ರಲ್ಲಿ ಅಲೆಕ್ ಇಸಿಗೋನಿಸ್ ಬ್ರಿಟನ್ನಿನಲ್ಲಿ ‘ಮಿನಿ’ ಎಂಬ ಪುಟ್ಟ ಕಾರನ್ನು ಮಾಡಿದಾಗ, ಜಾಗ ಉಳಿಸಲೆಂದು ಎಂಜಿನ್ನನ್ನು ಅಡ್ಡ ತಿರುಗಿಸಿ ಗೇರ್‌ಬಾಕ್ಸನ್ನು ಅದರ ಕೆಳಗೇ ಸೇರಿಸಿದ್ದರು. ಬಡವರ ಕಾರಿಗಾಗಿ ಹುಟ್ಟಿದ ಆ ಯುಕ್ತಿಯನ್ನು ಲ್ಯಾಂಬೊರ್ಗಿನಿಯ ಹುಡುಗರು ಹನ್ನೆರಡು ಸಿಲಿಂಡರಿಗೆ ಹೊಂದಿಸಿಕೊಂಡರು: ಎಂಜಿನ್ನು, ಗೇರ್‌ಬಾಕ್ಸು, ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲು ಮೂರನ್ನೂ ಒಂದೇ ಎರಕದ ಮೈಯೊಳಗೆ ಅಡಗಿಸಿ, ಆಸನಗಳ ಹಿಂದೆ ಅಡ್ಡಲಾಗಿ ಕೂಡಿಸಿದರು. ಕಾರಿನ ತಾಂತ್ರಿಕ ಹೆಸರು ಪಿ400. ಇಟಾಲಿಯನ್ನಿನಲ್ಲಿ ‘ಪೊಸ್ತೆರಿಯೊರೆ’ ಎಂದರೆ ಹಿಂಬದಿಯದು, 400 ಎಂದರೆ ನಾಲ್ಕು ಲೀಟರು.

ಹುಡುಗರು ಎಂದದ್ದು ಬರಿಯ ಮಾತಿಗಲ್ಲ. ಮುಖ್ಯ ಎಂಜಿನಿಯರ್ ಜಿಯಾನ್ ಪಾವ್ಲೊ ದಲ್ಲಾರಾ, ಅವರ ಜೊತೆಗಾರ ಪಾವ್ಲೊ ಸ್ಟಾಂಜಾನಿ, ಕಾರನ್ನು ಓಡಿಸಿ ಪರೀಕ್ಷಿಸುತ್ತಿದ್ದ ನ್ಯೂಜಿಲೆಂಡಿನ ಬಾಬ್ ವ್ಯಾಲೇಸ್, ಮೂವರಿಗೂ ಆಗ ಮೂವತ್ತು ತುಂಬಿರಲಿಲ್ಲ. ಯಜಮಾನರಿಗೆ ರೇಸು ಬೇಕಿರಲಿಲ್ಲ. ಇವರಿಗೆ ರೇಸಿನ ಗೀಳು. ಆದ್ದರಿಂದ ದಿನದ ಕೆಲಸ ಮುಗಿದ ಮೇಲೆ ಕೂತು, ರೇಸಿನ ಮೈಕಟ್ಟಿನ ರಸ್ತೆ ಕಾರೊಂದನ್ನು ಕಾಗದದ ಮೇಲೆ ಮೂಡಿಸಿದರು. ಫೆರುಚ್ಚೊ ಅದನ್ನು ಕಂಡು ಬೈಯಲಿಲ್ಲ, ಮಾಡಿ ಎಂದರು. ಹೆಚ್ಚೆಂದರೆ ಕಂಪನಿಗೆ ಒಳ್ಳೆಯ ಪ್ರಚಾರ ಸಿಕ್ಕೀತು ಎಂಬುದು ಅವರ ಎಣಿಕೆ. ಮಿಯುರಾದ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಈ ಒಂದು ಒಪ್ಪಿಗೆ. ಎಂಜಿನ್ನು ಎಲ್ಲಿರಬೇಕೆಂಬ ಲೆಕ್ಕ ಬೇರೆಯವರಿಗೂ ಗೊತ್ತಿತ್ತು, ಆದರೆ ಹಣ ಹಾಕುವ ಯಜಮಾನ ಮೂವತ್ತು ತುಂಬದ ಹುಡುಗನ ಮಾತಿಗೆ ತಲೆಯಾಡಿಸಿದ್ದು ಅಲ್ಲಿ ಮಾತ್ರ.

1965ರ ನವೆಂಬರಿನ ಟ್ಯೂರಿನ್ ಮೋಟಾರು ಪ್ರದರ್ಶನದಲ್ಲಿ ಅವರು ಇಟ್ಟದ್ದು ಕಾರನ್ನಲ್ಲ, ಮೈಹೊದಿಕೆಯೇ ಇಲ್ಲದ ಬರಿಯ ಚಾಸಿಯನ್ನು, ಅಂದರೆ ಕಾರಿನ ಅಡಿಗಟ್ಟನ್ನು. ತೂಕ ಇಳಿಸಲು ಉಕ್ಕಿನ ತಗಡಿನ ತುಂಬ ತೂತು ಕೊರೆದಿದ್ದರು. ಅದರ ನಡುವೆ ಅಡ್ಡ ಮಲಗಿದ ಎಂಜಿನ್ನು. ಮೇಲ್ಮೈ ಹೇಗಿರುತ್ತದೆ ಎಂದು ಯಾರಿಗೂ ತಿಳಿಯದಿದ್ದರೂ ಜನ ಅದಕ್ಕೇ ಮುಗಿಬಿದ್ದು, ಕೊಳ್ಳುತ್ತೇವೆಂದು ಮುಂದೆ ಬಂದರು. ಬೋಳು ಚಾಸಿಗೆ ಗಿರಾಕಿ ಸಿಕ್ಕ ಇಂಥ ಉದಾಹರಣೆ ಮೋಟಾರು ಲೋಕದಲ್ಲಿ ಅಪರೂಪ.

ಪ್ರಶ್ನೆ: ನಮ್ಮದು ಬಿದರಿ ಕೆಲಸದ ಮನೆತನ. ಕಾರಿನ ಚಿತ್ರ ನೋಡಿದಾಗ ಇದು ಯಂತ್ರದಿಂದ ಬಂದ ಗೆರೆಯಲ್ಲ, ಕೈಯಿಂದ ಬಂದದ್ದು ಅನ್ನಿಸಿತು. ಇದನ್ನು ಯಾರು ಬರೆದರು?
— ಬೀದರಿನ ಓದುಗರು

ಉತ್ತರ: ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ. ಟ್ಯೂರಿನ್ನಿನ ಬೆರ್ಟೋನೆ ಎಂಬ ಮೈಕಟ್ಟುವ ಸಂಸ್ಥೆಗೆ ಆ ಕೆಲಸ ಹೋಯಿತು. ಬೋಳು ಚಾಸಿಯನ್ನು ಕಂಡ ನುಚ್ಚೊ ಬೆರ್ಟೋನೆ, ಈ ಪಾದಕ್ಕೆ ತಕ್ಕ ಜೋಡು ಹೊಲಿಯಬಲ್ಲವನು ನಾನೇ ಎಂದು ಫೆರುಚ್ಚೊಗೆ ಹೇಳಿದರಂತೆ. ಗೆರೆ ಎಳೆದವರು ಅಲ್ಲಿಗೆ ಹೊಸದಾಗಿ ಸೇರಿದ್ದ, 1938ರಲ್ಲಿ ಹುಟ್ಟಿದ ಮಾರ್ಚೆಲ್ಲೊ ಗಾಂಡಿನಿ. ಅವರಿಗಿಂತ ಮುಂಚೆ ಅದೇ ಕುರ್ಚಿಯಲ್ಲಿದ್ದ ಜೊರ್ಜೆತ್ತೊ ಜುಜಾರೊ ಅವರ ಪಾಲೂ ಇದರಲ್ಲಿದೆ ಎಂಬ ವಾದ ಬಹಳ ಕಾಲ ನಡೆಯಿತಾದರೂ, ಮಿಯುರಾವನ್ನು ಗಾಂಡಿನಿಯವರ ಕೃತಿಯೆಂದೇ ಲೋಕ ಒಪ್ಪಿದೆ. ಅವರು 2024ರ ಮಾರ್ಚಿನಲ್ಲಿ ತೀರಿಕೊಂಡರು.

ಕೆಲವೇ ತಿಂಗಳಲ್ಲಿ ಸಿದ್ಧವಾದ ಕಾರನ್ನು 1966ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಇಟ್ಟರು. ಎತ್ತರ ಸುಮಾರು ಒಂದು ಮೀಟರ್ ಐದು ಸೆಂಟಿಮೀಟರ್. ನಿಮ್ಮ ಕಡೆಯ ದೇವಣಿ ಎತ್ತಿನ ಬೆನ್ನು ಇದಕ್ಕಿಂತ ಮೇಲಿರುತ್ತದೆ. ಮೂಗು ತಗ್ಗಿ ನೆಲಕ್ಕೆ ಹತ್ತಿರ, ಅಲ್ಲಿಂದ ಗೆರೆ ನಿಧಾನವಾಗಿ ಏರಿ, ಬಾಗಿಲಿನ ಬಳಿ ತುಸು ಬಳುಕಿ, ಹಿಂದಿನ ಚಕ್ರದ ಮೇಲೆ ಪ್ರಾಣಿಯ ತೊಡೆಯಂತೆ ಉಬ್ಬಿ, ಥಟ್ಟನೆ ಮುಗಿಯುತ್ತದೆ. ಹಿಂದೆ ಗಾಜಿನ ಬದಲು ಕಪ್ಪು ಪಟ್ಟಿಗಳ ಜಾಲರಿ, ಎಂಜಿನ್ನಿನ ಬಿಸಿ ಹೊರಹೋಗಲೆಂದು. ಮುಂಭಾಗವೂ ಹಿಂಭಾಗವೂ ಒಂದೊಂದೇ ದೊಡ್ಡ ಚಿಪ್ಪು. ಎರಡನ್ನೂ ಎತ್ತಿದರೆ ಕಾರು ಸೀಳಿದ ಕಾಯಿಯಂತೆ ತೆರೆದುಕೊಂಡು ಒಳಗಿನದೆಲ್ಲ ಕಾಣುತ್ತದೆ.

ಬಿದರಿಯಲ್ಲಿ ಸತು–ತಾಮ್ರದ ಎರಕಕ್ಕೆ ಕೋಟೆಯ ಮಣ್ಣು ಕಪ್ಪು ಕೊಟ್ಟ ಮೇಲೆ ತಾನೇ ಬೆಳ್ಳಿಯ ಗೆರೆ ಎದ್ದು ಕಾಣುವುದು? ಮಿಯುರಾದಲ್ಲಿಯೂ ಅಂಥದ್ದೊಂದು ಹೊಂದಾಣಿಕೆ ಇದೆ. ಎಂಜಿನ್ನು ನಡುವಿಗೆ ಬಂದದ್ದರಿಂದಲೇ ಮೂಗನ್ನು ಅಷ್ಟು ತಗ್ಗಿಸಲು ಸಾಧ್ಯವಾಯಿತು, ಎಂಜಿನ್ನು ಅಡ್ಡ ಕೂತದ್ದರಿಂದಲೇ ಹಿಂಭಾಗವನ್ನು ಅಷ್ಟು ಗಿಡ್ಡವಾಗಿ ಮುಗಿಸಲು ಬಂತು. ಗಾಂಡಿನಿಯವರ ಗೆರೆ ದಲ್ಲಾರಾ ಅವರ ಲೆಕ್ಕದ ಮೇಲೆ ಕೂತಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೊಗಳಲು ಬಾರದು. ಇಂಥವು 1966ರಿಂದ 1973ರ ವರೆಗೆ ಎಲ್ಲ ಬಗೆಗಳೂ ಸೇರಿ ಸುಮಾರು 760 ಮಾತ್ರ ತಯಾರಾದವು.

ಪ್ರಶ್ನೆ: ಮಿಯುರಾ ಎಂದರೆ ಗೂಳಿಯ ಹೆಸರಂತೆ, ಹೌದೇ?
— ಗುರುಮಠಕಲ್ ಕಡೆಯ ಓದುಗರು

ಉತ್ತರ: ಗೂಳಿಯದಲ್ಲ, ಗೂಳಿ ಸಾಕುವ ಮನೆತನದ ಹೆಸರು. ಸ್ಪೇನಿನ ಸೆವಿಲ್ಲೆಯ ಹತ್ತಿರದ ಮಿಯುರಾ ಮನೆತನದ ಹೋರಿಗಳು ಗೂಳಿಕಾಳಗದ ಲೋಕದಲ್ಲಿ ಅಂಜಿಕೆ ಹುಟ್ಟಿಸುವಷ್ಟು ಪ್ರಸಿದ್ಧವಾದವು. ಫೆರುಚ್ಚೊ ಹುಟ್ಟಿದ್ದು ವೃಷಭ ರಾಶಿಯಲ್ಲಿ, ಕಂಪನಿಯ ಲಾಂಛನವೂ ಗೂಳಿಯೇ. ಹೀಗಾಗಿ ಹೆಸರು ಒಪ್ಪಿತು. 1968ರಲ್ಲಿ ಬಂದ ಅವರದೇ ‘ಇಸ್ಲೆರೊ’ ಕಾರಿನದು ಮಾತ್ರ ನಿಜವಾಗಿ ಒಂದು ಹೋರಿಯ ಹೆಸರು. 1947ರಲ್ಲಿ ಮನೊಲೆತೆ ಎಂಬ ಹೆಸರಾಂತ ಕಾಳಗಗಾರನನ್ನು ತಿವಿದು ಕೊಂದ, ಮಿಯುರಾ ಮನೆತನದ ಹೋರಿ ಅದು. ನಮ್ಮ ಕಾರಹುಣ್ಣಿಮೆಯಲ್ಲಿ ಕೋಡಿಗೆ ಬಣ್ಣ ಬಳಿದು, ಜೂಲ ಹೊದಿಸಿ, ಕರಿ ಹರಿಯಲು ಎತ್ತುಗಳನ್ನು ಓಡಿಸುವವರಿಗೆ ಈ ರಕ್ತದ ಆಟ ಹಿಡಿಸಲಾರದು. ಆದರೆ ಓಡುವ ವಸ್ತುವಿಗೆ ಹೋರಿಯ ಹೆಸರೇ ಸರಿ ಎಂಬುದನ್ನು ಅವರೂ ತಕರಾರಿಲ್ಲದೆ ಒಪ್ಪಿಯಾರು.

ಪ್ರಶ್ನೆ: ನೀವು ಬರಿಯ ಹೊಗಳುತ್ತೀರಿ. ಓಡಿಸಲು ಅದು ನಿಜವಾಗಿ ಒಳ್ಳೆಯ ಕಾರೇ? ನಮ್ಮ ರಸ್ತೆಯಲ್ಲಿ, ನಮ್ಮ ಬೇಸಿಗೆಯಲ್ಲಿ ನಡೆದೀತೇ?
— ಸೇಡಂನ ಓದುಗರು

ಉತ್ತರ: ನಡೆಯಲಾರದು. ಮಿಯುರಾದ ದೋಷಗಳನ್ನು ಮುಚ್ಚಿಟ್ಟು ಅದನ್ನು ಮೆಚ್ಚುವವರು ಅದನ್ನು ಸರಿಯಾಗಿ ಅರಿತವರಲ್ಲ.

ಮೊದಲನೆಯದು ಗಾಳಿಯ ಕಾಟ. ಪೆಟ್ರೋಲಿನ ತೊಟ್ಟಿ ಮುಂಭಾಗದಲ್ಲಿದೆ. ಅದು ಬರಿದಾಗುತ್ತ ಬಂದಂತೆ ಮೂಗು ಹಗುರಾಗುತ್ತದೆ, ಆ ಮೂಗಿನ ಆಕಾರವೋ ಗಾಳಿಯನ್ನು ಅಡಿಗೆ ನುಗ್ಗಗೊಡುತ್ತದೆ. ಅತಿವೇಗದಲ್ಲಿ ಮುಂದಿನ ಚಕ್ರಗಳ ಹಿಡಿತ ಸಡಿಲುತ್ತದೆ. ಗಂಟೆಗೆ 280 ಕಿಲೋಮೀಟರಿನ ಆಸುಪಾಸು ಹೋಗಬಲ್ಲದೆಂದು ಹೇಳಿಕೊಂಡ ಕಾರಿನಲ್ಲಿ ಇದು ಸಣ್ಣ ದೋಷವಲ್ಲ. ಎರಡನೆಯದು ಬೆಂಕಿ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ, ಮೂರು ಬಾಯಿಯ ನಾಲ್ಕು ವೆಬರ್ ಕಾರ್ಬ್ಯುರೇಟರುಗಳು ಎಂಜಿನ್ನಿನ ಮೇಲೆ ಕೂತಿವೆ. ಅವು ರೇಸಿನಲ್ಲಿ ಎಡೆಬಿಡದೆ ಓಡುವುದಕ್ಕೆ ಹೇಳಿ ಮಾಡಿಸಿದಂಥವು. ಪೇಟೆಯ ಸಂದಣಿಯಲ್ಲಿ ನಿಂತು ನಿಂತು ಹೋಗುವಾಗ ಪೆಟ್ರೋಲು ಮೇಲೆ ಉಕ್ಕಿ, ಕಾದ ಎಂಜಿನ್ನಿಗೆ ತಾಗಿ, ಹೊತ್ತಿಕೊಂಡು ಹಾಳಾದ ಮಿಯುರಾಗಳಿವೆ. ಮೂರನೆಯದು ಎಣ್ಣೆ: ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ, ಆದ್ದರಿಂದ ಗೇರಿನ ಹಲ್ಲು ಸವೆದು ಉದುರಿದ ಲೋಹದ ಚೂರು ಎಂಜಿನ್ನಿನ ಬೇರಿಂಗಿಗೆ ಹೋಗಿ ಕೂರುವ ಭಯ. ಮಿನಿಯಿಂದ ತಂದ ಯುಕ್ತಿಯ ಜೊತೆಗೆ ಅದರ ತೊಡಕೂ ಬಂತು. 1971ರಲ್ಲಿ ಬಂದ 385 ಅಶ್ವಶಕ್ತಿಯ ಎಸ್‌ವಿ ಮಾದರಿಯ ಕಡೆಗಡೆಯ ಕಾರುಗಳಲ್ಲಿ ಮಾತ್ರ ಎಣ್ಣೆಯನ್ನು ಬೇರೆ ಬೇರೆ ಮಾಡಿದರು.

ಇದರ ಮೇಲೆ ಸೆಕೆ. ಆಸನದ ಬೆನ್ನಿಗೇ ಹನ್ನೆರಡು ಸಿಲಿಂಡರಿನ ಒಲೆ, ನಡುವೆ ಒಂದು ತಡೆ. ಇಟಲಿಯಲ್ಲಿಯೇ ಬೆವರಿಳಿಸುತ್ತಿದ್ದ ಕಾರು ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಏನು ಮಾಡೀತೆಂಬುದನ್ನು ಸೇಡಂನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ರಸ್ತೆಯ ಉಬ್ಬೊಂದು ಎದುರಾದರೆ ಅದರ ಹೊಟ್ಟೆ ಅಲ್ಲಿಯೇ ಕೂರುತ್ತದೆ, ಎರೆಮಣ್ಣಿನ ಮಳೆಗಾಲದ ದಾರಿಯ ಮಾತಂತೂ ಬೇಡ. ಅದೇ ಯಜಮಾನನ ಟ್ರ್ಯಾಕ್ಟರು ಮಾತ್ರ ನಿಶ್ಚಿಂತೆಯಿಂದ ದಾಟೀತು.

ಹಾಗಿದ್ದೂ ಜನ ಏಕೆ ಮರುಳಾದರು ಎಂದರೆ, ಒಳ್ಳೆಯ ಕಾರು ಬೇಕಾದವರು ಮಿಯುರಾವನ್ನು ಕೊಳ್ಳುತ್ತಲೇ ಇರಲಿಲ್ಲ. ಅಂಥವರಿಗೆ ಫೆರುಚ್ಚೊ ಅವರ ಅಂಗಡಿಯಲ್ಲಿಯೇ ಮುಂದೆ ಎಂಜಿನ್ನಿದ್ದ, ಸಾಧು ಸ್ವಭಾವದ ಕಾರುಗಳಿದ್ದವು. ಮಿಯುರಾ ಕೊಂಡವರು ಬಯಸಿದ್ದು ತಲೆಯ ಹಿಂದೆ ಒಂದು ಗೇಣಿನಾಚೆ ಹನ್ನೆರಡು ಸಿಲಿಂಡರುಗಳು ಒಟ್ಟಿಗೆ ಮೊರೆಯುವುದನ್ನು ಕೇಳಲು. ‘ಸೂಪರ್‌ಕಾರ್’ ಎಂದು ಇಂದು ಕರೆಯುವ ಜಾತಿ ಇದರಿಂದಲೇ ಮೊದಲಾಯಿತು ಎಂದು ಹಲವರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಬಿಜ್ಜಾರಿನಿಯವರ ಆ ಎಂಜಿನ್ನಿನ ವಂಶವೇ ಬೆಳೆಯುತ್ತ, ಹಿಗ್ಗುತ್ತ 2010ರ ವರೆಗೆ ಲ್ಯಾಂಬೊರ್ಗಿನಿ ಕಾರುಗಳಲ್ಲಿ ನಡೆದುಬಂತು.

ಫೆರುಚ್ಚೊ ಮಾತ್ರ ಅಷ್ಟು ಕಾಲ ಕಾಯಲಿಲ್ಲ. 1974ರ ಹೊತ್ತಿಗೆ ಕಾರಿನ ಕಂಪನಿಯ ತಮ್ಮ ಪಾಲನ್ನೆಲ್ಲ ಮಾರಿ, ಉಂಬ್ರಿಯಾ ಪ್ರಾಂತದ ಸರೋವರವೊಂದರ ಬಳಿ ದ್ರಾಕ್ಷಿ ತೋಟ ಮಾಡಿಕೊಂಡು, ತಂದೆಯ ಕಸುಬಿಗೇ ಮರಳಿದರು. ತಮ್ಮ ದ್ರಾಕ್ಷಾರಸಕ್ಕೆ ಅವರು ಇಟ್ಟ ಹೆಸರಿನ ಅರ್ಥ ‘ಮಿಯುರಾದ ನೆತ್ತರು’. 1993ರಲ್ಲಿ ತೀರಿಕೊಂಡರು.

ಪ್ರಶ್ನೆ: ನಮ್ಮ ತಂದೆಯವರು 1970ರಲ್ಲಿ ಕೊಂಡ ಫಿಯೆಟ್ ಕಾರು ಮನೆಯಲ್ಲಿದೆ, ಇನ್ನೂ ಚಾಲೂ ಆಗುತ್ತದೆ. ಅದೂ ಇಟಲಿಯದೇ ಅಲ್ಲವೇ? ಅದನ್ನು ವಿಂಟೇಜ್ ಎಂದು ನೋಂದಾಯಿಸಬಹುದೇ?
— ಹುಮನಾಬಾದಿನ ಓದುಗರು

ಉತ್ತರ: ಹುಟ್ಟು ಇಟಲಿಯದು, ಬೆಳೆದದ್ದು ಮುಂಬಯಿಯ ಕುರ್ಲಾದಲ್ಲಿ. ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಫಿಯೆಟ್ 1100 ಕಾರನ್ನು ಇಲ್ಲಿ ತಯಾರಿಸಿತು. 1,089 ಸಿಸಿಯ ಎಂಜಿನ್ನು, ಸ್ಟಿಯರಿಂಗಿನ ಪಕ್ಕದಲ್ಲಿ ಗೇರು. ಅದೇ ಕಾರು 1970ರ ದಶಕದಲ್ಲಿ ‘ಪ್ರೀಮಿಯರ್ ಪದ್ಮಿನಿ’ಯಾಗಿ ಹೊಸ ಶತಮಾನದ ಹೊಸ್ತಿಲವರೆಗೂ ತಯಾರಾಗುತ್ತಿತ್ತು.

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ವಿಂಟೇಜ್ ಎನಿಸುತ್ತವೆ. ನಿಮ್ಮ ಕಾರಿಗೆ ವಯಸ್ಸಂತೂ ಆಗಿದೆ. ಹೊಸದಾಗಿ ಕೊಡುವ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಬರುತ್ತದೆ. ಆದರೆ ಒಂದು ಮಾತು ಲಕ್ಷ್ಯದಲ್ಲಿರಲಿ: ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥವುಗಳಿಗೆ ಮಾತ್ರ ರಸ್ತೆಗೆ ತರಬಹುದು. ವಾರಕ್ಕೊಮ್ಮೆ ಸಂತೆಗೆ ಹೋಗಿಬರುವ ರೂಢಿ ನಿಮ್ಮದಾಗಿದ್ದರೆ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಂಡು ಆಮೇಲೆ ಅರ್ಜಿ ಹಾಕಿ.

ಪ್ರಶ್ನೆ: ಆ ಕಾರಿನ ದೀಪಗಳಿಗೆ ರೆಪ್ಪೆ ಏಕೆ ಇವೆ?
— ಸುರಪುರದ ಎಂಟನೆಯ ತರಗತಿಯ ಓದುಗ

ಉತ್ತರ: ಪತ್ರಗಳ ರಾಶಿಯಲ್ಲಿ ಚಿತ್ರವನ್ನು ಸರಿಯಾಗಿ ನೋಡಿದವನು ನೀನೇ ಮರಿ. ಮಿಯುರಾದ ದೀಪಗಳು ಹಗಲಿನಲ್ಲಿ ಮುಖ ಮೇಲೆ ಮಾಡಿ ಮಲಗಿರುತ್ತವೆ, ಗುಂಡಿ ಒತ್ತಿದರೆ ಅರ್ಧ ಎದ್ದು ಮುಂದೆ ನೋಡುತ್ತವೆ. ಮಲಗಿದ ದೀಪದ ಮೇಲೂ ಕೆಳಗೂ ಉಳಿಯುವ ಜಾಗಕ್ಕೆ ಗಾಂಡಿನಿಯವರು ಕಪ್ಪು ಪಟ್ಟಿಗಳನ್ನು ಜೋಡಿಸಿದ್ದರಿಂದ ಕಣ್ಣಿಗೆ ರೆಪ್ಪೆ ಹಚ್ಚಿದಂತೆ ಕಾಣುತ್ತದೆ. ತಮಾಷೆಯೆಂದರೆ ಆ ದೀಪಗಳನ್ನು ಅವರು ಹೊಸದಾಗಿ ಮಾಡಿಸಲಿಲ್ಲ. ಫಿಯೆಟ್ 850 ಸ್ಪೈಡರ್ ಎಂಬ ಅಗ್ಗದ ಪುಟ್ಟ ಕಾರಿನವನ್ನೇ ತಂದು ಕೂಡಿಸಿದರು. ಕೊನೆಯ ಎಸ್‌ವಿ ಮಾದರಿಯಲ್ಲಿ ರೆಪ್ಪೆಗಳನ್ನು ತೆಗೆದುಬಿಟ್ಟರು. ಹಣವಿದ್ದವರು ಆ ಎಸ್‌ವಿಯನ್ನೇ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ. ನನಗೆ ಮಾತ್ರ ರೆಪ್ಪೆಯಿದ್ದದ್ದೇ ಇಷ್ಟ. ನೀನು ಬರೆದು ಕಳಿಸಿದ ಪೆನ್ಸಿಲ್ ಚಿತ್ರದಲ್ಲಿ ಎಡಗಣ್ಣಿನ ರೆಪ್ಪೆ ಬಿಟ್ಟುಹೋಗಿದೆ, ತಿದ್ದಿ ಮತ್ತೆ ಕಳಿಸು.